ಇ.ಸಿ. ಕ್ಲಿಯರ್ ಇದ್ದರೂ ಎನ್‌ಕಂಬ್ರನ್ಸ್ ಇರಬಹುದು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಯಾವ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಅರ್ಧ ಗಂಟೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಇ.ಸಿ. ಕ್ಲಿಯರ್ ಇದೆ ಮಾರಾಯ್ರೆ, ಧೈರ್ಯವಾಗಿ ತಗೊಳ್ಳಿ.’ ಇ.ಸಿ., ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಎನ್‌ಕಂಬ್ರನ್ಸ್ ಸರ್ಟಿಫಿಕೇಟು, ಕ್ಲಿಯರ್ ಇರುವುದು ನಿಜವೇ ಇರಬಹುದು. ಆದರೆ ತೋಟ ಕೊಳ್ಳುವ ಧೈರ್ಯಕ್ಕೆ ಅದೊಂದೇ ಸಾಲದು. ‘ಎನ್‌ಕಂಬ್ರನ್ಸ್’ ಎಂಬ ಪದದ ಅರ್ಥ ಬಹಳ ವಿಶಾಲ. ಆ ಹೆಸರು ಹೊತ್ತ ಸರ್ಟಿಫಿಕೇಟು ಹೇಳುವುದು ಅದರಲ್ಲಿ ಒಂದು ಭಾಗವನ್ನು ಮಾತ್ರ. ಜಮೀನು ತೆಗೆದುಕೊಂಡು ಪೇಚಿಗೆ ಸಿಕ್ಕವರಲ್ಲಿ ಅನೇಕರು ಬಿದ್ದಿರುವುದು ಈ ಎರಡರ ನಡುವಿನ ಸಂದಿಯಲ್ಲಿ.

ಮೊದಲು ಪದ. ಇದು ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ‘ಎನ್‌ಕೊಂಬ್ರೆ’ ಎಂದರೆ ಅಡ್ಡಗಟ್ಟುವುದು. ಅದರ ಬೇರಾದ ‘ಕೊಂಬ್ರ್’ ಎಂದರೆ ಹೊಳೆಗೆ ಅಡ್ಡ ಹಾಕಿದ ಒಡ್ಡು. ಬೇಸಿಗೆಯಲ್ಲಿ ನಮ್ಮ ಹಳ್ಳಗಳಿಗೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಹಾಕುವ ಕಟ್ಟ ಇದೆಯಲ್ಲ, ಅಂಥದ್ದು. ಹಳ್ಳ ಅಲ್ಲೇ ಇರುತ್ತದೆ, ನೀರೂ ಇರುತ್ತದೆ, ಆದರೆ ಮೊದಲಿನ ಹಾಗೆ ಸರಾಗವಾಗಿ ಹರಿಯುವುದಿಲ್ಲ. ಕಾನೂನಿನ ಅರ್ಥವೂ ಇದೇ ದಾರಿಯಲ್ಲಿದೆ: ಒಡೆತನ ನಿಮ್ಮದೇ, ಆದರೆ ಅದರ ಮೇಲೆ ಬೇರೊಬ್ಬರ ಹಕ್ಕು ಕೂತಿದೆ, ಮಾಲೀಕ ಬದಲಾದರೂ ಆ ಹಕ್ಕು ಸ್ವತ್ತನ್ನು ಬಿಟ್ಟು ಹೋಗುವುದಿಲ್ಲ.

ಕಾಗುಣಿತದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಟೈಪಾದ ಪತ್ರಗಳಲ್ಲಿ ತಪ್ಪು ತುಂಬಾ. ಇಂಗ್ಲಿಷಿನಲ್ಲಿ ಬರೆಯುವಾಗ ‘ಬಿ’ ಆದ ಮೇಲೆ ನೇರವಾಗಿ ‘ಆರ್’ ಬರಬೇಕು, ನಡುವೆ ‘ಇ’ ಇಲ್ಲ. ‘ಎನ್‌ಕಂಬರ್’ ಎಂಬ ಕ್ರಿಯಾಪದದಲ್ಲಿ ಆ ‘ಇ’ ಇದೆ, ನಾಮಪದದಲ್ಲಿ ಬಿದ್ದುಹೋಗುತ್ತದೆ. ಹಳೆಯ ಪತ್ರಗಳಲ್ಲಿ ಮೊದಲ ಅಕ್ಷರ ‘ಐ’ ಎಂದಿದ್ದರೆ ಅದು ತಪ್ಪಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಾಲದ ಕಾಗುಣಿತವದು. ಅಧಿಕಾರದಲ್ಲಿ ಇರುವವರಿಗೆ ಹೇಳುವ ‘ಇನ್‌ಕಂಬೆಂಟ್’ಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಅದು ಬೇರೆ ಲ್ಯಾಟಿನ್ ಧಾತುವಿನಿಂದ ಬಂದ ಬೇರೆ ಪದ.

ನಮ್ಮ ಸರ್ಕಾರಿ ಕನ್ನಡದಲ್ಲಿ ಎನ್‌ಕಂಬ್ರನ್ಸ್ ‘ಋಣಭಾರ’ ಆಗಿದೆ. ಕಿವಿಗೆ ಚೆನ್ನಾಗಿದೆ, ಆದರೆ ಎರಡೂ ಕಡೆಯಿಂದ ದಾರಿ ತಪ್ಪಿಸುತ್ತದೆ. ತೋಟದ ಯಜಮಾನರು ಪಕ್ಕದ ಮನೆಯವರಿಂದ ಮಗಳ ಮದುವೆಗೆ 5 ಲಕ್ಷ ಕೈಸಾಲ ತಂದಿದ್ದಾರೆ ಎನ್ನಿ. ಅದು ಋಣ ಹೌದು, ಎನ್‌ಕಂಬ್ರನ್ಸ್ ಅಲ್ಲ. ಸಾಲ ಇರುವುದು ಮನುಷ್ಯನ ತಲೆಯ ಮೇಲೆ, ತೋಟದ ಮೇಲಲ್ಲ. ಅದೇ ತೋಟದ ಅಂಚಿನಲ್ಲಿ ಮೇಲಿನ ಮನೆಯವರು ತಮ್ಮ ಗದ್ದೆಗೆ ಗಾಡಿ ಹೊಡೆದುಕೊಂಡು ಹೋಗುವ ಹಕ್ಕಿದೆ. ಅದರಲ್ಲಿ ಒಂದು ರೂಪಾಯಿ ಋಣವೂ ಇಲ್ಲ, ಆದರೆ ಅದು ಅಚ್ಚ ಎನ್‌ಕಂಬ್ರನ್ಸ್. ತೋಟ ಯಾರ ಕೈಗೆ ಹೋದರೂ ಆ ದಾರಿ ಅಲ್ಲೇ ಇರುತ್ತದೆ. ಹಾಗಾಗಿ ‘ಸಾಲ ಏನಾದರೂ ಇದೆಯಾ?’ ಎಂಬುದು ಸರಿಯಾದ ಪ್ರಶ್ನೆಯಲ್ಲ. ‘ನಿಮ್ಮನ್ನು ಬಿಟ್ಟು ಈ ಜಾಗದ ಮೇಲೆ ಬೇರೆ ಯಾರಿಗೆ ಏನು ಹಕ್ಕಿದೆ?’ ಎಂದು ಕೇಳಬೇಕು.

ಹಾಗೆ ಕೇಳಿದರೆ ಆಧಾರ (ಸಾಲಕ್ಕೆ ಸ್ವತ್ತನ್ನು ಅಡವಿಡುವುದು), ಭೋಗ್ಯ (ಸಾಲ ಕೊಟ್ಟವರೇ ಸ್ವತ್ತನ್ನು ಅನುಭವಿಸುವ ಅಡವು), ಬ್ಯಾಂಕಿನ ಚಾರ್ಜು (ಸಾಲಕ್ಕಾಗಿ ಸ್ವತ್ತಿನ ಮೇಲೆ ಕೂರುವ ಹೊರೆ), ವರ್ಷಗಟ್ಟಲೆಯ ಗುತ್ತಿಗೆ, ದಾರಿ ಮತ್ತು ನೀರಿನ ಹಕ್ಕು, ಜೀವನಾಂಶ, ಕೋರ್ಟಿನ ಜಪ್ತಿ ಇವೆಲ್ಲ ಒಂದೊಂದಾಗಿ ಹೊರಬರುತ್ತವೆ. ಇವುಗಳ ಜತೆ ಬೆರೆಸಬಾರದ ಎರಡು ಸಂಗತಿಗಳಿವೆ. ಮೊದಲನೆಯದು ಹಕ್ಕಿನ ದೋಷ. ಪಿತ್ರಾರ್ಜಿತ ತೋಟವನ್ನು ಅಣ್ಣ ಒಬ್ಬನೇ ಮಾರಿದ, ತಂಗಿಯರ ಸಹಿ ಇಲ್ಲ ಎಂದರೆ ಅದು ಎನ್‌ಕಂಬ್ರನ್ಸ್ ಅಲ್ಲ. ತಂಗಿಯರ ಪಾಲು ಅವನದ್ದೇ ಅಲ್ಲ, ಅದನ್ನು ಮಾರಲು ಅವನಿಗೆ ಬರುವುದಿಲ್ಲ. ಎರಡನೆಯದು ಮಾರಾಟಕ್ಕೇ ಇರುವ ತಡೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ಇ.ಸಿ.ಯಲ್ಲಿ ಎಷ್ಟು ಹುಡುಕಿದರೂ ಈ ಎರಡು ಸಿಗುವುದಿಲ್ಲ. ಮೊದಲನೆಯದಕ್ಕೆ ವಂಶವೃಕ್ಷ ನೋಡಬೇಕು, ಎರಡನೆಯದಕ್ಕೆ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತ.

ಈಗ ಸರ್ಟಿಫಿಕೇಟಿಗೆ ಬರೋಣ. 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿರುತ್ತವೆ. ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕಕ್ಕೆ, ಉಯಿಲು 3ನೇ ಪುಸ್ತಕಕ್ಕೆ, ಜಿ.ಪಿ.ಎ.ಯಂಥ ಅಧಿಕಾರಪತ್ರಗಳು 4ನೇ ಪುಸ್ತಕಕ್ಕೆ. ಇ.ಸಿ. ತಯಾರಾಗುವುದು 1ನೇ ಪುಸ್ತಕದ ಸೂಚಿಯಿಂದ. ಹಾಗಾಗಿ ಅಜ್ಜ ಬರೆದಿಟ್ಟ ಉಯಿಲು ರಿಜಿಸ್ಟರ್ ಆಗಿದ್ದರೂ ಅದರಲ್ಲಿ ಬರುವುದಿಲ್ಲ, ಯಾರಿಗೋ ಕೊಟ್ಟ ಜಿ.ಪಿ.ಎ. ಕೂಡ ಬರುವುದಿಲ್ಲ. ನೀವು ಕೇಳಿದ ಅವಧಿಯಲ್ಲಿ ಆ ಸ್ವತ್ತಿನ ಮೇಲೆ ಪತ್ರಗಳು ಸಿಕ್ಕರೆ ನಮೂನೆ 15, ಏನೂ ಸಿಗದಿದ್ದರೆ ನಮೂನೆ 16. ಜನ ‘ನಿಲ್ ಇ.ಸಿ.’ ಎನ್ನುವುದು ಈ 16ಕ್ಕೆ.

ತಪ್ಪು ತಿಳಿವಳಿಕೆ ಶುರುವಾಗುವುದು ಇಲ್ಲೇ. ನಮೂನೆ 15ರಲ್ಲಿ ಆರು ಸಾಲು ಕಂಡರೆ ಗಾಬರಿ, ನಮೂನೆ 16 ಬಂದರೆ ನೆಮ್ಮದಿ. ಇ.ಸಿ. ಹೊರೆಗಳ ಪಟ್ಟಿಯಲ್ಲ, ವ್ಯವಹಾರಗಳ ಚರಿತ್ರೆ. ಕ್ರಯಪತ್ರ ಹೊರೆಯಲ್ಲ, ಆದರೂ ಅದಕ್ಕೊಂದು ಸಾಲು. ತೀರಿದ ಸಾಲ ಹೊರೆಯಲ್ಲ, ಆದರೂ ಸಾಲದ್ದೊಂದು, ತೀರಿದ್ದಕ್ಕೊಂದು, ಎರಡೂ ಸಾಲು ಕಾಯಂ. ಯಾವುದನ್ನೂ ಅಳಿಸುವುದಿಲ್ಲ. ಇನ್ನೊಂದು ಕಡೆ, ಮಾರುವವರು ‘2012ರಲ್ಲಿ ನಾನು ಕೊಂಡದ್ದು’ ಎನ್ನುತ್ತಾರೆ, 2004ರಿಂದ ಇಲ್ಲಿಯವರೆಗಿನ ಇ.ಸಿ. ನಿಲ್ ಬರುತ್ತದೆ ಎಂದರೆ ಹೆದರಬೇಕಾದದ್ದು ಅಲ್ಲಿ. ಅವರ ಕ್ರಯಪತ್ರವೇ ಅದರಲ್ಲಿ ಕಾಣಬೇಕಿತ್ತು. ಕಾಣಲಿಲ್ಲ ಎಂದರೆ ಹುಡುಕಿದ್ದು ಬೇರೆ ಯಾವುದೋ ಸ್ವತ್ತನ್ನು, ಅಥವಾ ಅವರ ಪತ್ರ ರಿಜಿಸ್ಟರೇ ಆಗಿಲ್ಲ.

ಒಂದು ಇ.ಸಿ.ಯನ್ನು ಹತ್ತಿರದಿಂದ ಓದೋಣ. ಉದಾಹರಣೆಗೆ ಒಂದು ಅಡಿಕೆ ತೋಟ, 2 ಎಕರೆ 10 ಗುಂಟೆ, ಸರ್ವೆ ನಂಬರ್ 45/2. ನಾಲ್ಕು ಸಾಲುಗಳಿವೆ: 1998ರಲ್ಲಿ ವಿಭಾಗಪತ್ರ, 2006ರಲ್ಲಿ ಆಧಾರಪತ್ರ, 2011ರಲ್ಲಿ ಕ್ರಯದ ಕರಾರು, 2015ರಲ್ಲಿ ಕ್ರಯಪತ್ರ. ಪ್ರತಿ ಸಾಲಿನಲ್ಲೂ ಸ್ವತ್ತಿನ ವಿವರ, ಪತ್ರ ಬರೆದ ತಾರೀಕು, ಪತ್ರದ ಬಗೆ ಮತ್ತು ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜು ನಂಬರ್ ಇರುತ್ತವೆ. ಓದಬೇಕಾದದ್ದು ಹೀಗೆ: ಒಂದು ಸಾಲಿನ ‘ಬರೆಸಿಕೊಂಡವರು’ ಮುಂದಿನ ಕ್ರಯದ ಸಾಲಿನಲ್ಲಿ ‘ಬರೆದುಕೊಟ್ಟವರು’ ಆಗಿ ಬರಬೇಕು. ಸರಪಳಿ ಎಲ್ಲಿ ತುಂಡಾಗಿದೆಯೋ ಅಲ್ಲಿ ಬೆರಳಿಡಿ.

2006ರ ಆಧಾರಕ್ಕೆ ಜೋಡಿ ಸಾಲು ಇಲ್ಲ. ಸಾಲ ತೀರಿದ್ದರೆ ಋಣ ವಿಮೋಚನೆಯ ಪತ್ರ ಒಂದು ಇರಬೇಕಿತ್ತು. ‘ಆ ಸಾಲ ಯಾವತ್ತೋ ಕಟ್ಟಿ ಆಗಿದೆ’ ಎಂಬ ಬಾಯಿಮಾತು ನಿಜವೂ ಇರಬಹುದು. ಬ್ಯಾಂಕಿನಿಂದ ಬಾಕಿಯಿಲ್ಲದ ಪತ್ರ ತಂದು ಫೈಲಿನಲ್ಲಿ ಇಟ್ಟುಕೊಂಡು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗದೆ ಬಿಟ್ಟವರು ಸಾಕಷ್ಟಿದ್ದಾರೆ. ಸಾಲ ತೀರಿಸಿದವರಿಗೆ ಸ್ವತ್ತು ಬಿಡುಗಡೆಯಾದ ಬಗ್ಗೆ ರಿಜಿಸ್ಟರ್ ಪತ್ರ ಮಾಡಿಸಿಕೊಳ್ಳುವ ಹಕ್ಕನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಂ ಕೊಡುತ್ತದೆ. ಮಾರುವವರು ಅದನ್ನು ಮಾಡಿಸಿಯೇ ಮುಂದಿನ ಮಾತಿಗೆ ಬರಬೇಕು.

2011ರ ಕ್ರಯದ ಕರಾರು ಸೂಕ್ಷ್ಮ. 54ನೇ ಕಲಂ ಪ್ರಕಾರ ಕ್ರಯದ ಕರಾರು ತಾನಾಗಿ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ, ಚಾರ್ಜನ್ನೂ ಹುಟ್ಟಿಸುವುದಿಲ್ಲ. ಆ ಲೆಕ್ಕಕ್ಕೆ ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಎನ್‌ಕಂಬ್ರನ್ಸ್ ಅಲ್ಲ. ಆದರೆ ಕರಾರು ಇರುವುದು ಗೊತ್ತಿದ್ದೂ ಕೊಂಡವರ ಮೇಲೆ ಅದನ್ನು ಜಾರಿ ಮಾಡಿಸಬಹುದು ಎಂದು 40ನೇ ಕಲಂ ಹೇಳುತ್ತದೆ, ಮತ್ತು ಅದು ಇ.ಸಿ.ಯಲ್ಲಿ ಕಂಡ ಮೇಲೆ ‘ಗೊತ್ತಿರಲಿಲ್ಲ’ ಎನ್ನಲು ಬರುವುದಿಲ್ಲ. ಆದ್ದರಿಂದ 2011ರ ಕರಾರುದಾರರೇ 2015ರಲ್ಲಿ ಕೊಂಡಿದ್ದಾರೋ, ಬೇರೆಯವರೋ ನೋಡಿ. ಬೇರೆಯವರಾದರೆ ರದ್ದತಿ ಪತ್ರ ಎಲ್ಲಿ ಎಂದು ಕೇಳಿ. ಕರಾರಿನ ಜಾರಿಗೆ ದಾವೆ ಹೂಡಲು 3 ವರ್ಷದ ಮಿತಿ ಇದೆ ನಿಜ, ಆದರೆ ಆ 3 ವರ್ಷ ಯಾವತ್ತಿನಿಂದ ಶುರುವಾಯಿತು ಎಂಬುದು ಕರಾರಿನ ಒಳಗಿನ ಷರತ್ತನ್ನು ಓದದೆ ತಿಳಿಯುವುದಿಲ್ಲ.

ಮೊದಲ ಸಾಲಿನ ವಿಭಾಗಪತ್ರವನ್ನು ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ‘ಅಣ್ಣತಮ್ಮಂದಿರು ಪಾಲಾದದ್ದು, ಅದರಲ್ಲೇನು?’ ಅದರಲ್ಲೇ ಇದೆ. ಮಲೆನಾಡಿನ ವಿಭಾಗಪತ್ರಗಳ ಕೊನೆಯ ಪುಟದಲ್ಲಿ ಇಂಥ ಮಾತುಗಳು ಮಾಮೂಲು: ‘ಎರಡನೇ ಪಾಲುದಾರರು ತಮ್ಮ ಪಾಲಿನ ತೋಟದ ಉತ್ಪನ್ನದಿಂದ ತಾಯಿಯವರಿಗೆ ಅವರ ಜೀವಮಾನ ಪರ್ಯಂತ ವರ್ಷಕ್ಕೆ 2 ಕ್ವಿಂಟಾಲ್ ಅಡಿಕೆ ಕೊಡತಕ್ಕದ್ದು’, ‘ಬಾವಿಯ ನೀರು ಮೂವರಿಗೂ ಸಮಾನ’, ‘ಮೊದಲನೇ ಪಾಲಿನ ಕಣಕ್ಕೆ ಎರಡನೇ ಪಾಲಿನ ಅಂಗಳದ ಮೇಲೆ ದಾರಿ’. ಮೂರೂ ಎನ್‌ಕಂಬ್ರನ್ಸುಗಳೇ. ತೋಟದ ಉತ್ಪನ್ನದಿಂದ ಬರಬೇಕಾದ ಜೀವನಾಂಶವನ್ನು ಅದು ಗೊತ್ತಿದ್ದು ಕೊಂಡವರಿಂದಲೂ ವಸೂಲು ಮಾಡಬಹುದು, 39ನೇ ಕಲಂ. ಇ.ಸಿ.ಯಲ್ಲಿ ಕಾಣುವುದು ‘ವಿಭಾಗಪತ್ರ’ ಎಂಬ ಒಂದು ಶಬ್ದ ಮಾತ್ರ. ಆದ್ದರಿಂದ ಇ.ಸಿ. ತೆಗೆಸಿದರೆ ಕೆಲಸ ಮುಗಿಯಲಿಲ್ಲ. ಅದರಲ್ಲಿರುವ ಪ್ರತಿ ದಸ್ತಾವೇಜು ನಂಬರಿನ ಸರ್ಟಿಫೈಡ್ ಕಾಪಿ ತೆಗೆಸಿ, ಕೊನೆಯ ಪುಟದವರೆಗೆ ಓದಿ. ಖರ್ಚು ಸ್ವಲ್ಪ, ಉಪಯೋಗ ದೊಡ್ಡದು.

ಹುಡುಕಾಟದಲ್ಲೇ ಆಗುವ ತಪ್ಪುಗಳು ಇನ್ನೊಂದು ಬಗೆ. ಅರ್ಜಿಯಲ್ಲಿ ನೀವು ಕೊಟ್ಟ ಸ್ವತ್ತಿನ ವಿವರಕ್ಕೆ ಏನು ಸಿಗುತ್ತದೋ ಅಷ್ಟೇ ಇ.ಸಿ.ಯಲ್ಲಿ ಬರುತ್ತದೆ. ಇವತ್ತಿನ 45/2 ಎಂಬ ನಂಬರು ಪೋಡಿಯಾಗಿ, ಅಂದರೆ ಸರ್ವೆ ನಂಬರು ಅಳತೆಯಾಗಿ ಭಾಗವಾದಾಗ, ಹುಟ್ಟಿದ್ದು. ಅದಕ್ಕೆ ಮೊದಲು ಅದು ಬರೀ 45. ಆ ಕಾಲದ ಆಧಾರ 45ರ ಮೇಲೆ ಬರೆದದ್ದಾದರೆ 45/2 ಎಂದು ಹುಡುಕಿದರೆ ಸಿಗುವುದಿಲ್ಲ. ದರಖಾಸ್ತು, ಬಗರ್‌ಹುಕುಂ ಮಂಜೂರಾತಿಯ ಜಮೀನುಗಳಲ್ಲಿ ಇದು ಇನ್ನೂ ಕಷ್ಟ: ಒಂದೇ ದೊಡ್ಡ ಸರ್ವೆ ನಂಬರಿನಲ್ಲಿ ‘ಪೈಕಿ’ ಎಂದು ಹತ್ತಾರು ಜನರ ಹಿಡುವಳಿ ಇರುತ್ತದೆ, ಪತ್ರದಲ್ಲಿ ಒಬ್ಬರು ‘45 ಪೈಕಿ’ ಎಂದು ಬರೆಸಿದ್ದರೆ ಇನ್ನೊಬ್ಬರು ಪಹಣಿಯಲ್ಲಿದ್ದಂತೆ ಪೈಕಿ ನಂಬರನ್ನೂ ಬರೆಸಿರುತ್ತಾರೆ. ಆದ್ದರಿಂದ ಮೂಲ ನಂಬರು, ಪೈಕಿ, ಹಿಸ್ಸಾ (ಪೋಡಿಯಾದ ಭಾಗದ ನಂಬರು), ಮೂರರಲ್ಲೂ ಹುಡುಕಿಸಿ. ಗ್ರಾಮದ ಹೆಸರಿನ ಜತೆ ಹೋಬಳಿ ಸರಿಯಾಗಿರಲಿ. ಒಂದೇ ಹೆಸರಿನ ಊರು ಬೇರೆ ಹೋಬಳಿಯಲ್ಲೂ ಇರುವುದು ನಮ್ಮ ಕಡೆ ಹೊಸದಲ್ಲ. ಪಟ್ಟಣದ ಸೈಟಾದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವ ಅಲಿನೇಷನ್‌ಗೆ ಮುಂಚಿನ ಸರ್ವೆ ನಂಬರಿನಲ್ಲೂ ಒಮ್ಮೆ ನೋಡಲೇಬೇಕು. ಲೇಔಟ್ ಮಾಡಿದವರು ಇಡೀ ಜಮೀನನ್ನು ಆಧಾರ ಮಾಡಿ ಸಾಲ ಎತ್ತಿದ್ದರೆ ಅದು ಸೈಟ್ ನಂಬರಿನಲ್ಲಿ ಕಾಣುವುದಿಲ್ಲ.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಮನೆಯಲ್ಲೇ ಕೂತು ತೆಗೆಯುವ ಇ.ಸಿ. 2004ರಿಂದ ಈಚಿನದು. ಅದಕ್ಕೆ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆಯ ಪುಸ್ತಕದಿಂದ ತೆಗೆಸಬೇಕು. ‘13 ವರ್ಷದ್ದು ಸಾಕು’ ಎಂಬ ಹಳೆಯ ರೂಢಿಗಿಂತ 30 ವರ್ಷದ್ದು ವಾಸಿ. ಆಧಾರದ ಸ್ವತ್ತನ್ನು ಬಿಡಿಸಿಕೊಳ್ಳಲು ದಾವೆ ಹೂಡುವ ಮಿತಿಯೇ 30 ವರ್ಷ. ಭೋಗ್ಯದ್ದಾದರೆ ಆ ಮಿತಿಯೂ ಅಡ್ಡ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅಂದರೆ ಭೋಗ್ಯಕ್ಕೆ ಪಡೆದು 40 ವರ್ಷ ಅನುಭವಿಸಿದವರ ಮಗ ‘ಇದು ನಮ್ಮದೇ’ ಎಂದು ಮಾರಲು ಬಂದರೂ ಮೂಲ ಮಾಲೀಕರ ಹಕ್ಕು ಬದುಕಿಯೇ ಇರುತ್ತದೆ.

ಇನ್ನೊಂದು ಸಂದು ತಾರೀಕಿನದು. ಸಹಿಯಾದ ಪತ್ರವನ್ನು 4 ತಿಂಗಳೊಳಗೆ ನೋಂದಣಿಗೆ ಹಾಜರು ಮಾಡಬಹುದು, ಮತ್ತು ನೋಂದಣಿಯಾದ ಮೇಲೆ ಅದು ಸಹಿಯಾದ ದಿನದಿಂದಲೇ ಜಾರಿಗೆ ಬರುತ್ತದೆ. ನೋಂದಣಿ ಕಾಯ್ದೆಯ 23 ಮತ್ತು 47ನೇ ಕಲಂ. ನೀವು ಸೋಮವಾರ ತೆಗೆದ ಇ.ಸಿ. ನಿಲ್ ಆಗಿದ್ದರೂ, ಹಿಂದಿನ ವಾರ ಬೇರೆಯವರಿಗೆ ಸಹಿ ಮಾಡಿಕೊಟ್ಟ ಪತ್ರ ಮುಂದಿನ ತಿಂಗಳು ರಿಜಿಸ್ಟರ್ ಆಗಿ ನಿಮ್ಮದಕ್ಕಿಂತ ಮೊದಲಿನದಾಗಿ ನಿಲ್ಲಬಹುದು. ಇದಕ್ಕೆ ಕಾಗದದಲ್ಲಿ ಪೂರ್ತಿ ಮದ್ದಿಲ್ಲ. ಊರಲ್ಲಿ ನಾಲ್ಕು ಜನರನ್ನು ಕೇಳುವುದು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು, ಮೂಲಪತ್ರಗಳನ್ನು ಕಣ್ಣಾರೆ ನೋಡುವುದು, ಇವೇ ಉಳಿದ ದಾರಿಗಳು.

ಮೂಲಪತ್ರ ನೋಡುವುದಕ್ಕೆ ಬೇರೊಂದು ದೊಡ್ಡ ಕಾರಣವೂ ಇದೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸಾಲ ತೆಗೆಯುವ ಒಂದು ಬಗೆಯ ಆಧಾರವಿದೆ, ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಎಫ್ ಉಪಕಲಂ. ಸರ್ಕಾರ ಅಧಿಸೂಚಿಸಿದ ಪಟ್ಟಣಗಳಲ್ಲಿ ಪತ್ರ ಒಪ್ಪಿಸಿದರೆ ಸಾಕು, ಆಧಾರ ಆಗಿಹೋಗುತ್ತದೆ. ಪ್ರತ್ಯೇಕ ಪತ್ರ ಬರೆದು ರಿಜಿಸ್ಟರ್ ಮಾಡಲೇಬೇಕೆಂದಿಲ್ಲ. ಜಮೀನು ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಪತ್ರ ಎಲ್ಲಿ ಒಪ್ಪಿಸಿದರು ಎಂಬುದು ಲೆಕ್ಕ. ಹೊಸನಗರದ ತೋಟದ ಪತ್ರ ಬೆಂಗಳೂರಿನ ಬ್ಯಾಂಕಿನ ಲಾಕರಿನಲ್ಲಿ ಇರಬಹುದು. ‘ಮೂಲಪತ್ರ ಮಳೆಗಾಲದಲ್ಲಿ ಗೆದ್ದಲು ಹಿಡಿದು ಹೋಯಿತು, ಸರ್ಟಿಫೈಡ್ ಕಾಪಿ ಇದೆ’ ಎಂದರೆ ಅಲ್ಲಿಗೇ ನಿಲ್ಲಿಸಿ. ಗೆದ್ದಲಿನ ಮಾತು ಮಲೆನಾಡಿನಲ್ಲಿ ನಿಜವೂ ಆಗಿರಬಹುದಾದ್ದರಿಂದಲೇ ಅದನ್ನು ಸುಲಭವಾಗಿ ನಂಬಿಬಿಡುತ್ತೇವೆ. ಬ್ಯಾಂಕ್ ಸಾಲಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್‌ನಲ್ಲಿ ಶುಲ್ಕ ಕಟ್ಟಿ ಸ್ವತ್ತಿನ ಮೇಲೆ ಹುಡುಕಬಹುದು. ಮನೆ, ಸೈಟಿಗೆ ಇದು ತಪ್ಪಬಾರದ ಹೆಜ್ಜೆ.

ಬೆಳೆಸಾಲದ ಕಥೆ ಬೇರೆ. 1974ರ ಕೃಷಿ ಸಾಲ ಕಾಯ್ದೆಯಡಿ ರೈತರು ನಮೂನೆ 3ರಲ್ಲಿ ಘೋಷಣೆ ಬರೆದುಕೊಟ್ಟರೆ ಜಮೀನಿನ ಮೇಲೆ ಚಾರ್ಜು ಕೂರುತ್ತದೆ. ಅದನ್ನು ಹುಡುಕಬೇಕಾದ ಜಾಗ ಎರಡು: ಇ.ಸಿ. ಮತ್ತು ಪಹಣಿಯ 11ನೇ ಕಾಲಂ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದೂ ಉಂಟು. ಎರಡನ್ನೂ ಒಂದೇ ದಿನ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಯಾವ ಕಚೇರಿಯಲ್ಲೂ ಸಿಗದ ಎನ್‌ಕಂಬ್ರನ್ಸುಗಳು ಜಾಗದ ಮೇಲೇ ಇರುತ್ತವೆ. ಯಾರ ಅಪ್ಪಣೆಯನ್ನೂ ಕೇಳದೆ, ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ನಡೆದ ದಾರಿ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ ಹಕ್ಕಾಗಿಬಿಡುತ್ತದೆ. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು, ಮೇಲಿನ ತೋಟದ ಬಸಿಗಾಲುವೆ ನಿಮ್ಮ ತೋಟದ ಮೂಲಕ ಹಳ್ಳ ಸೇರುವುದು, ಎಲ್ಲಕ್ಕೂ ಇದೇ ನಿಯಮ. ‘ಹೋಗಿ ಬನ್ನಿ, ನಮ್ಮದೇನೂ ಅಡ್ಡಿಯಿಲ್ಲ’ ಎಂದು ಮಾಲೀಕರು ಬಿಟ್ಟುಕೊಟ್ಟ ದಾರಿ ಹಾಗಲ್ಲ. ಅದು ಅನುಮತಿ, ಹಕ್ಕಲ್ಲ. ಆದ್ದರಿಂದ ತೋಟ ನೋಡಲು ಹೋದಾಗ ಅಡಿಕೆ ಮರ ಎಣಿಸಿ ಬರುವುದಕ್ಕಿಂತ ಗಡಿಯ ಸುತ್ತ ಒಮ್ಮೆ ನಡೆದು ಬನ್ನಿ. ಬೇಲಿಯಲ್ಲಿ ತಡಮೆ ಎಲ್ಲೆಲ್ಲಿದೆ, ಸವೆದ ಕಾಲುದಾರಿ ಎತ್ತ ಹೋಗುತ್ತದೆ, ಪೈಪು ಯಾರ ಮನೆಗೆ ಮುಟ್ಟುತ್ತದೆ ನೋಡಿ. ಮಳೆಗಾಲದಲ್ಲೊಮ್ಮೆ ಹೋದರೆ ನೀರು ಎತ್ತಲಿಂದ ಎತ್ತ ಹರಿಯುತ್ತದೆ ಎಂಬುದೂ ತಿಳಿಯುತ್ತದೆ.

ಮನೆಯಾದರೆ ಬಾಗಿಲು ತಟ್ಟಿ ಒಳಗಿರುವವರು ಯಾರು ಎಂದು ಕೇಳಿ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಹಣ ಕೊಟ್ಟು ಭೋಗ್ಯಕ್ಕೆ ಇರುವ ಕುಟುಂಬಗಳಿವೆ, ಪತ್ರ ಬರೀ ಛಾಪಾ ಕಾಗದದ ಮೇಲೆ. ರಿಜಿಸ್ಟರ್ ಆಗದ್ದರಿಂದ ಇ.ಸಿ.ಯಲ್ಲಿ ಸುಳಿವೇ ಇರುವುದಿಲ್ಲ. ಆದರೆ ಸ್ವತ್ತಿನಲ್ಲಿ ನಿಜವಾಗಿ ವಾಸ ಇರುವವರ ಹಕ್ಕು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಂ ಭಾವಿಸುತ್ತದೆ. ‘ನನಗೆ ಯಾರೂ ಹೇಳಲಿಲ್ಲ’ ಎಂದರೆ ನಡೆಯುವುದಿಲ್ಲ.

ಚೇಣಿ ಕೂಡ ಮರೆಯಬೇಡಿ. ಕೆಲವು ಕಡೆ ಖೇಣಿ ಎನ್ನುತ್ತಾರೆ. ಮರದ ಮೇಲಿನ ಫಸಲನ್ನು ಮಾತಿನ ಮೇಲೆ ಕೊಟ್ಟು ಮುಂಗಡ ಪಡೆಯುವುದು. ಫಸಲು ಸ್ಥಿರಾಸ್ತಿ ಅಲ್ಲ, ನೋಂದಣಿಯ ಮಾತೇ ಇಲ್ಲ. ಆದರೆ ತೋಟ ಕೊಂಡವರು ಮೊದಲ ಕೊನೆಕೊಯ್ಲಿಗೆ ಹೋದಾಗ ಚೇಣಿದಾರರ ಆಳುಗಳು ಆಗಲೇ ಮರ ಹತ್ತಿರುತ್ತಾರೆ. ಮಾತುಕತೆಯ ದಿನವೇ ಈ ವರ್ಷದ ಫಸಲು ಯಾರದ್ದು, ಮುಂಗಡ ಎಷ್ಟು ಪಡೆದಿದ್ದಾರೆ ಎಂದು ಕೇಳಿ ಬರೆಸಿಕೊಳ್ಳಬೇಕು. ತೋಟದ ಜತೆ ತೋರಿಸುವ ಸೊಪ್ಪಿನ ಬೆಟ್ಟ, ಕಾನು ಮಾರುವವರ ಒಡೆತನದ್ದಲ್ಲ. ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟ ಸವಲತ್ತು ಅಷ್ಟೇ. ಅದನ್ನು ಎಕರೆ ಲೆಕ್ಕದಲ್ಲಿ ಕ್ರಯಕ್ಕೆ ಸೇರಿಸುವುದು ಸರಿಯಲ್ಲ.

‘ಎಲ್ಲ ಎನ್‌ಕಂಬ್ರನ್ಸುಗಳಿಂದ ಮುಕ್ತ’ ಎಂಬ ಮಾತಿಗೆ ಶಾಸನ ಆಡಿದಾಗ ಇರುವ ಬಲ ಮನುಷ್ಯ ಆಡಿದಾಗ ಇಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎದ್ದ ಗೇಣಿದಾರರ ಕೂಗು ಕೊನೆಗೆ ಬಂದು ಮುಟ್ಟಿದ್ದು ಭೂಸುಧಾರಣಾ ಕಾಯ್ದೆಯ 44ನೇ ಕಲಮಿಗೆ: 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಎಲ್ಲ ಎನ್‌ಕಂಬ್ರನ್ಸುಗಳಿಂದ ಮುಕ್ತವಾಗಿ ಸರ್ಕಾರದಲ್ಲಿ ನಿಹಿತವಾದವು. ಅಲ್ಲಿ ಆ ಪದ ನಿಜವಾಗಿ ಕೆಲಸ ಮಾಡಿತು. ಜಮೀನ್ದಾರರು ಮಾಡಿದ್ದ ಆಧಾರ ಗೇಣಿದಾರರ ಹಿಂದೆ ಬರಲಿಲ್ಲ. ಸಾಲ ಕೊಟ್ಟವರು ಪರಿಹಾರದ ಹಣದ ಕಡೆ ನೋಡಬೇಕಾಯಿತು. ಕ್ರಯಪತ್ರದಲ್ಲಿ ಅದೇ ಮಾತು ಬರೆದರೆ ಏನೂ ಅಳಿಸಿಹೋಗುವುದಿಲ್ಲ. ಅದು ಮಾರುವವರ ಭರವಸೆ ಮಾತ್ರ; ಸುಳ್ಳಾದರೆ ಅವರ ಮೇಲೆ ದಾವೆ ಹೂಡಬಹುದು, ಆದರೆ ಹೊರೆ ಸ್ವತ್ತಿನ ಮೇಲೇ ಇರುತ್ತದೆ. ಬ್ಯಾಂಕ್ ಹರಾಜಿನ ಪ್ರಕಟಣೆಯಲ್ಲಿ ಬರುವುದು ಇನ್ನೂ ಕಿರಿದಾದ ಮಾತು: ‘ಬ್ಯಾಂಕಿಗೆ ತಿಳಿದಿರುವ ಎನ್‌ಕಂಬ್ರನ್ಸ್: ನಿಲ್.’ ಅಲ್ಲಿ ‘ತಿಳಿದಿರುವ’ ಎಂಬುದನ್ನು ಎರಡು ಸಲ ಓದಿ.

ಹಾಗಾದರೆ ಪತ್ರದಲ್ಲಿ ಹೇಗೆ ಬರೆಸಬೇಕು? ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಹೊರೆಯ ಸಮೇತ ಮಾರಿದ್ದು ಎಂದು ಹೇಳದ ಹೊರತು, ಆ ದಿನಕ್ಕೆ ಇರುವ ಎನ್‌ಕಂಬ್ರನ್ಸುಗಳನ್ನೆಲ್ಲ ತೀರಿಸುವುದು ಮಾರುವವರ ಹೊಣೆ. ಆದ್ದರಿಂದ ‘ಮುಕ್ತ’ ಎಂದೋ ‘ಒಳಪಟ್ಟು’ ಎಂದೋ ಒಂದನ್ನು ಖಚಿತವಾಗಿ ಬರೆಯಬೇಕು. ಹಳೆಯ ಮಾದರಿಯಿಂದ ನಕಲು ಮಾಡಿದ ಪತ್ರಗಳಲ್ಲಿ 4ನೇ ಪುಟದಲ್ಲಿ ‘ಯಾವ ಋಣಭಾರವೂ ಇಲ್ಲ’, ಷೆಡ್ಯೂಲಿನಲ್ಲಿ ‘ಮಾಮೂಲು ದಾರಿ ಹಕ್ಕು ಸಮೇತ’ ಎಂದು ಒಂದಕ್ಕೊಂದು ಹೊಂದದ ಮಾತುಗಳಿರುತ್ತವೆ. ದಾರಿ ಯಾರಿಂದ ಯಾರಿಗೆ ಎಂಬುದೇ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆಸಿ: ‘ಷೆಡ್ಯೂಲ್ ಸ್ವತ್ತಿನ ಮೇಲೆ ಈ ದಿನಕ್ಕೆ ಯಾವುದೇ ಆಧಾರ, ಭೋಗ್ಯ, ಚಾರ್ಜು, ಗುತ್ತಿಗೆ, ಕ್ರಯದ ಕರಾರು, ಜೀವನಾಂಶ, ಜಪ್ತಿ, ನ್ಯಾಯಾಲಯದ ವ್ಯಾಜ್ಯ ಇರುವುದಿಲ್ಲ. ಪಶ್ಚಿಮದ ಗಡಿಗೆ ತಾಗಿ 10 ಅಡಿ ಅಗಲದಲ್ಲಿ ಸರ್ವೆ ನಂಬರ್ 46ರವರಿಗೆ ಇರುವ ಗಾಡಿ ದಾರಿಯ ಹಕ್ಕಿಗೆ ಮಾತ್ರ ಈ ಸ್ವತ್ತು ಒಳಪಟ್ಟಿದೆ. ಬೇರೆ ಹೊರೆ ಕಂಡುಬಂದರೆ ಬರೆದುಕೊಟ್ಟವರು ಸ್ವಂತ ಖರ್ಚಿನಿಂದ ತೀರಿಸಿಕೊಡತಕ್ಕದ್ದು.’ ಅಗಲ, ದಿಕ್ಕು, ಯಾರಿಗೆ, ಏತಕ್ಕೆ, ಈ ನಾಲ್ಕು ಇಲ್ಲದ ದಾರಿಯ ಮಾತು ಮುಂದೆ ಜಗಳಕ್ಕೇ ದಾರಿ. ಇಂಗ್ಲಿಷಿನಲ್ಲಿ ಬರೆಯುವವರು ‘ಎನ್‌ಕಂಬ್ರನ್ಸ್’ ಒಂದನ್ನೇ ಬರೆದು ಸುಮ್ಮನಾಗಬೇಡಿ. ಬಿಡಿಬಿಡಿಯಾಗಿ ಹೆಸರಿಸಿದ್ದಕ್ಕೇ ಕೋರ್ಟಿನಲ್ಲಿ ಹೆಚ್ಚು ಹಿಡಿತ.

ಸಾಲ ಇರುವ ಸ್ವತ್ತನ್ನು ಕೊಳ್ಳಲೇಬಾರದು ಎಂದೇನಿಲ್ಲ. ಬಾಕಿಯ ಮೊತ್ತವನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದು, ಕ್ರಯದ ಹಣದಲ್ಲಿ ಅಷ್ಟನ್ನು ನೇರ ಆ ಸಾಲದ ಖಾತೆಗೇ ಕಟ್ಟಿ, ಮೂಲಪತ್ರವನ್ನೂ ಬಿಡುಗಡೆ ಪತ್ರವನ್ನೂ ಕೈಗೆ ಪಡೆದು ಆಮೇಲೆ ಉಳಿದದ್ದನ್ನು ಕೊಡಿ. ಬಿಡುಗಡೆ ಪತ್ರದ ಪ್ರತಿಯನ್ನು ಕೊಟ್ಟು 11ನೇ ಕಾಲಮಿನ ನಮೂದನ್ನು ತೆಗೆಸುವುದು ಮಾರುವವರ ಹೆಸರಿನಲ್ಲಿ ಪಹಣಿ ಇರುವಾಗಲೇ ಆಗಲಿ. ರಿಜಿಸ್ಟ್ರಿ ಆಗಿ ಹತ್ತು ದಿನಕ್ಕೆ ಇನ್ನೊಂದು ಇ.ಸಿ. ತೆಗೆಯಿರಿ, ಕೊನೆಯ ಸಾಲಿನ ‘ಬರೆಸಿಕೊಂಡವರು’ ಕಾಲಮಿನಲ್ಲಿ ನಿಮ್ಮ ಹೆಸರು, ಅದರ ಇನಿಷಿಯಲ್, ಸರ್ವೆ ನಂಬರು, ವಿಸ್ತೀರ್ಣ ಅಕ್ಷರಕ್ಕೆ ಅಕ್ಷರ ಸರಿಯಿದೆಯೇ ನೋಡಿ. ತಪ್ಪಿದ್ದರೆ ಮಾರಿದವರು ಸಹಿಗೆ ಸಿಗುವ ಕಾಲದಲ್ಲೇ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ.